ಸಕ್ಕರೆ ಚೀಲ ಉಬ್ಬಿದ ದಿನ

ಮರಳುನಾಡಿನ ಎಲ್ ಒಬೇದ್ ಊರಿನ ಲಾರಿ ಅಂಗಳದಲ್ಲಿ ಚಹಾ, ಕಾಫಿ ಮಾರುವ ನನಗೆ ಮೆಕ್ಯಾನಿಕ್‌ಗಳ ಮೇಲೆ ಅಷ್ಟೇನೂ ಗೌರವವಿಲ್ಲ. ಕೈಗೆ ಗ್ರೀಸ್ ಮೆತ್ತಿಕೊಂಡ ಮಾತ್ರಕ್ಕೆ ಎಲ್ಲರೂ ಪಂಡಿತರು. ಜಾದೈನ್ ಮಾತ್ರ ಬೇರೆ. ಜಂಬ ಜಾಸ್ತಿ, ನಿಜ. ಆ ಜಂಬಕ್ಕೆ ತಕ್ಕ ಕೈಯೂ ಅವನಿಗಿದೆ.

ಅವತ್ತು ಮುದುಕ ತೈರಾಬ್ ತನ್ನ ಹಳೆಯ ಲಾರಿಯನ್ನು ಗುಜರಿಗೆ ಹಾಕುವುದೆಂದು ತೀರ್ಮಾನಿಸಿಕೊಂಡೇ ಬಂದಿದ್ದ. ಎಂಜಿನ್ನಿನ ಹಿಂದಿನ ಸೀಲನ್ನು ಎರಡು ಸಲ ಬದಲಾಯಿಸಿದರೂ ಆಯಿಲ್ ಸೋರುವುದು ನಿಂತಿರಲಿಲ್ಲ. ಪಿಸ್ಟನ್ ರಿಂಗು ಸವೆದಿದೆ, ಎಂಜಿನ್ ಕತೆ ಮುಗಿಯಿತು ಎಂದು ಬೇರೆ ಮೆಕ್ಯಾನಿಕ್‌ಗಳು ಹೇಳಿಬಿಟ್ಟಿದ್ದರು. ನಹೂದ್ ದಾರಿಯ ಮರಳಿನಲ್ಲಿ ಲಾರಿ ಓಡಿಸುವುದನ್ನು ಈ ಅಂಗಳದ ಮುಕ್ಕಾಲು ಜನರಿಗೆ ಕಲಿಸಿದವನು ತೈರಾಬ್. ಲಾರಿ ಹೋದರೆ ಅವನು ಮನೆಯಲ್ಲಿ ಕೂರಬೇಕು. ಆ ವಯಸ್ಸಿನವನ ಕೈಗೆ ಯಾರೂ ತಮ್ಮ ಲಾರಿ ಕೊಡುವುದಿಲ್ಲ. ಗುಜರಿಯವನು ನನ್ನ ಸ್ಟೂಲಿನ ಮೇಲೆಯೇ ಕೂತು, ಶುಂಠಿ ಕಾಫಿ ಹೀರುತ್ತಾ ಕಾಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಕೊಡೋಕೆ ಮುಂಚೆ ನಾನೊಂದ್ಸಲ ನೋಡ್ತೀನಿ ಮಾವ,” ಅಂದ ಜಾದೈನ್.

“ನೋಡೋದೇನಿದೆಯಪ್ಪ. ಹೆಣದ ನಾಡಿ ಹಿಡೀತೀಯಾ?” ಅಂದ ತೈರಾಬ್.

“ನಿಮ್ಮ ಹೆಣ ಬೆಳಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆಯ್ತಲ್ಲ. ರಿಂಗು ಸವೆದಿದ್ರೆ ಹೊಗೆ ನೀಲಿ ಬರ್ಬೇಕಿತ್ತು, ಬರ್ಲಿಲ್ಲ.”

ಜಾದೈನ್ ಎಂಜಿನ್ನನ್ನು ಡೀಸೆಲ್‌ನಲ್ಲಿ ತೊಳೆದು, ಒರೆಸಿ ಒಣಗಿಸಿದ. ಆಮೇಲೆ ನನ್ನ ಕಡೆ ತಿರುಗಿದ.

“ಅಕ್ಕ, ಒಲೆ ಬೂದಿ ಒಂಚೂರು ಕೊಡು.”

“ಯಾಕೆ, ಪಾತ್ರೆ ತಿಕ್ಕೋ ಕೆಲಸಕ್ಕೆ ಸೇರ್ಕೊಂಡ್ಯಾ?”

ಬೂದಿಯನ್ನು ಎಂಜಿನ್ ಮೇಲೆಲ್ಲ ತೆಳ್ಳಗೆ ಉದುರಿಸಿ ಸ್ಟಾರ್ಟ್ ಮಾಡಿದ. ಎಲ್ಲಿ ಮೊದಲು ಒದ್ದೆಯಾಗುತ್ತದೋ ಅಲ್ಲಿಂದ ಸೋರಿಕೆ. ಅಷ್ಟರಲ್ಲಿ ಅಂಗಳದ ಡ್ರೈವರುಗಳೂ ಸುತ್ತ ಸೇರಿದ್ದರು; ನಾವೆಲ್ಲ ಬಗ್ಗಿ ನೋಡಿದೆವು. ಮೇಲಿನ ಮುಚ್ಚಳದ ಅಂಚು, ಪಕ್ಕ, ಹಿಂದೆ, ಎಲ್ಲ ಕಡೆ ಒಟ್ಟಿಗೇ ಕಪ್ಪು ಚುಕ್ಕೆ ಮೂಡಿತು. ಆಯಿಲ್ ಅಳೆಯುವ ಕಡ್ಡಿ ತಾನಾಗಿಯೇ ಮೇಲಕ್ಕೆದ್ದಿತು.

“ಸೀಲು ಕೆಟ್ಟಿದ್ರೆ ಒಂದು ಕಡೆ ಸೋರತ್ತೆ. ಇದು ಮೈಯೆಲ್ಲ ಬೆವರ್ತಿದೆ. ಒಳಗೆ ಗಾಳಿ ತುಂಬ್ಕೊಂಡು ಆಯಿಲ್‌ನ ಹೊರಗೆ ನೂಕ್ತಿದೆ,” ಅಂದ ಜಾದೈನ್.

“ರಿಂಗು ಸವೆದ್ರೂ ಗಾಳಿ ತುಂಬತ್ತೆ,” ಎಂದು ಗುಜರಿಯವನು ಕೂತಲ್ಲಿಂದಲೇ ರಾಗ ಎಳೆದ.

“ಅದನ್ನೂ ನೋಡೇಬಿಡೋಣ. ಅಕ್ಕ, ಖಾಲಿ ಸಕ್ಕರೆ ಚೀಲ.”

ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು, ಅಲ್ಲಿಗೆ ಆ ತೆಳು ಪ್ಲಾಸ್ಟಿಕ್ ಚೀಲವನ್ನು ಬಿಗಿದ. ಚೀಲ ನಿಧಾನವಾಗಿ ಎದ್ದು, ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ ನಿಂತಿತು.

“ರಿಂಗು ಹೋಗಿದ್ರೆ ಇದು ಬಡಬಡ ಕುಣಿದು ಒಡೆದೇ ಹೋಗ್ತಿತ್ತು. ಇದು ಗಟ್ಟಿ ಎಂಜಿನ್ನು ಮಾವ. ಉಸಿರು ಬಿಡೋಕೆ ದಾರಿ ಇಲ್ಲ, ಅಷ್ಟೆ.”

ಎಂಜಿನ್ ಆರಿಸಿ ಕೆಳಗೆ ತೂರಿದ. ಒಳಗಿನ ಗಾಳಿ ಹೊರಬರುವ ಕೊಳವೆಯನ್ನು ತಡಕಿದ. ಈಚೆ ಬಂದಾಗ ಮುಷ್ಟಿ ಬಿಗಿಯಾಗಿತ್ತು. ಅದರಲ್ಲಿದ್ದುದನ್ನು ಸರಕ್ಕನೆ ಜೇಬಿಗೆ ಸೇರಿಸಿದ.

“ಧೂಳು ಕಟ್ಟಿತ್ತು,” ಅಂದ.

ಜೇಬಿನಿಂದ ಬಟ್ಟೆಯ ಚುಂಗು ಇಣುಕುತ್ತಿದ್ದುದನ್ನು ನಾನು ನೋಡಿದೆ. ಮರಳುಗಾಳಿ ಎದ್ದಾಗ ಧೂಳು ಒಳಹೋಗದಿರಲೆಂದು ಆ ಕೊಳವೆಯ ಬಾಯಿಗೆ ಬಟ್ಟೆ ಕಟ್ಟುವುದು ನಹೂದ್ ದಾರಿಯವರ ರೂಢಿ. ಬಟ್ಟೆಯಲ್ಲಿ ಗಾಳಿ ಆಡುತ್ತದೆ, ಮರಳು ನಿಲ್ಲುತ್ತದೆ ಎಂದು ಹೇಳಿಕೊಟ್ಟವನು ತೈರಾಬನೇ. ಈ ಬಟ್ಟೆಯಲ್ಲಿ ಆಯಿಲೂ ಧೂಳೂ ಕಲಸಿಕೊಂಡು ಹೆಂಟೆಯಾಗಿ, ಗಾಳಿಯ ದಾರಿಯೂ ಮುಚ್ಚಿತ್ತು. ಶಿಷ್ಯರೆಲ್ಲ ನಿಂತು ನೋಡುತ್ತಿರುವಾಗ ಮುದುಕನ ಮರ್ಯಾದೆ ಕಾಪಾಡಿದ್ದಕ್ಕೆ ನನಗೆ ಜಾದೈನ್ ಮೇಲೆ ಪ್ರೀತಿ ಉಕ್ಕಿತು.

ಮತ್ತೆ ಸ್ಟಾರ್ಟ್ ಮಾಡಿದಾಗ ಚೀಲ ಸುಮ್ಮನೆ ಅದುರಿತು, ಅಷ್ಟೆ. ಒರೆಸಿ ಹೊಸದಾಗಿ ಉದುರಿಸಿದ ಬೂದಿ ಒಣಗಿಯೇ ಇತ್ತು. ಗುಜರಿಯವನು ಮುಖ ಗಂಟು ಹಾಕಿಕೊಂಡು ಎದ್ದು ಹೋದ.

“ಆ ಬಟ್ಟೆ ಕೊಡು,” ಅಂದ ತೈರಾಬ್.

“ಯಾವ ಬಟ್ಟೆ ಮಾವ?”

“ನನ್ನ ಪೇಟದ ತುಂಡು ನನಗೆ ಗೊತ್ತಾಗಲ್ವಾ? ಕೊಡೋ.”

ಅದನ್ನು ಹಿಡಿದು ತೈರಾಬ್ ಲಾರಿಯ ಮೆಟ್ಟಿಲು ಹತ್ತಿದ. ಎಲ್ಲರಿಗೂ ಕಾಣುವಂತೆ ಅದನ್ನು ಎತ್ತಿ ಹಿಡಿದ.

“ಇದನ್ನ ಕಟ್ಟಿದವನು ನಾನು. ನಿಮಗೆಲ್ಲ ಕಟ್ಟೋಕೆ ಹೇಳಿಕೊಟ್ಟವನೂ ನಾನೇ. ತಪ್ಪು ಹೇಳಿಕೊಟ್ಟೆ. ಹೋಗಿ ಬಿಚ್ಚಿ.”

ಒಬ್ಬನೂ ನಗಲಿಲ್ಲ. ಒಬ್ಬೊಬ್ಬರೇ ಹೋಗಿ ತಮ್ಮ ತಮ್ಮ ಲಾರಿಗಳ ಕೆಳಗೆ ತೂರಿದರು. ತೈರಾಬ್ ಹೇಳಿದ್ದನ್ನು ಅವರು ಯಾವತ್ತು ಕೇಳದೆ ಇದ್ದರು?