ಹಾರನ್ ಹೊಡೆಯದ ವಿಮಾನ

ಹುರುಳಿ ಒಕ್ಕಲು ಈಗ ಕಣ ಮಾಡುವವರು ಕಡಿಮೆ. ಟಾರು ರಸ್ತೆಗೆ ಹರಡಿದರೆ ಬಸ್ಸು, ಲಾರಿಗಳೇ ತುಳಿದು ಕೊಡುತ್ತವೆ. ಹಿರೇಗುಂಟನೂರಿನಾಚೆಯ ನಮ್ಮ ಹಳ್ಳಿಯ ಕಾಟಪ್ಪನಿಗೆ ಇನ್ನೂ ಒಳ್ಳೆಯ ಜಾಗ ಸಿಕ್ಕಿತ್ತು. ಅದು ಊರ ಹೊರಗಿನ, ವಿಮಾನ ಇಳಿಯುವ ಹಳೆಯ ಟಾರು ಪಟ್ಟಿ. ಅಲ್ಲಿ ವಿಮಾನ ಇಳಿದು ಹತ್ತು ವರ್ಷವಾಗಿತ್ತು.

1998ರ ಜನವರಿ. ಪಟ್ಟಿ ಕಾಯುವ ದಾಸಣ್ಣ ಬೆಳಿಗ್ಗೆಯೇ ಬಂದ.

“ಕಾಟಪ್ಪಣ್ಣ, ಹುಳ್ಳಿ ತೆಗೀರಿ. ಹಾರ್ಸೋದು ಕಲಿಯೋರ ವಿಮಾನ ಬರ್ತವಂತೆ.”

“ಬರ್ಲಿ ಬಿಡಪ್ಪ. ಅದೇ ತುಳೀಲಿ, ಟ್ರ್ಯಾಕ್ಟರ್ ಕರೆಯೋದು ತಪ್ತೈತೆ!”

ಕೋಲಿನಿಂದ ಹುರುಳಿ ತಿರುವುತ್ತಿದ್ದ ಹೆಂಡತಿ ಓಬವ್ವ ನಕ್ಕಳು.

“ನಗಬ್ಯಾಡ್ರವ್ವ. ಮ್ಯಾಲಿಂದ ಬರೋರಿಗೆ ಇದೆಲ್ಲ ಕಾಣ್ತೈತಾ?”

“ಅಷ್ಟು ಮ್ಯಾಲೆ ಹಾರೋರಿಗೆ ಇಷ್ಟು ಕಾಣಲ್ವೇನ್ಲೇ?” ಎಂದು ಕಾಟಪ್ಪ ಬೀಡಿ ಹಚ್ಚಲು ಬೇವಿನ ನೆರಳಿಗೆ ಹೋದ.

ಹನ್ನೊಂದರ ಹೊತ್ತಿಗೆ ಸದ್ದು ಕೇಳಿಸಿತು. ಪುಟ್ಟ ಬಿಳಿ ವಿಮಾನವೊಂದು ಎರಡು ಸುತ್ತು ಹಾಕಿತು. ಊರೇ ತಲೆಯೆತ್ತಿ ನೋಡಿತು. ಪಟ್ಟಿಯ ನಡುವೆ ನಿಂತಿದ್ದ ಓಬವ್ವ ಹುಬ್ಬಿಗೆ ಕೈ ಅಡ್ಡವಿಟ್ಟು ನೋಡುತ್ತಲೇ ಇದ್ದಳು. ಬಸ್ಸಾದರೆ ಹಾರನ್ ಹೊಡೆಯುತ್ತದೆ, ಆಗ ಸರಿದರಾಯಿತು. ಇದು ಹೊಡೆಯಲೇ ಇಲ್ಲ.

ಚಕ್ರ ನೆಲ ಮುಟ್ಟಿತು. ಓಬವ್ವನ ಹತ್ತಿರ ಬಂದದ್ದೇ ವಿಮಾನ ಸರಕ್ಕನೆ ಪಕ್ಕಕ್ಕೆ ತಿರುಗಿತು. ಹುರುಳಿಯ ಮೇಲೆ ಜಾರಿ ಜಾಲಿ ಪೊದೆಗೆ ನುಗ್ಗಿತು. ಒಂದು ರೆಕ್ಕೆ ಮುರಿಯಿತು.

ಊರೆಲ್ಲ ಓಡಿತು. ಎಲ್ಲರಿಗಿಂತ ಮುಂದೆ ಕಾಟಪ್ಪ, ಬಾಯಲ್ಲಿ ಬೀಡಿ. ಮನೆಮನೆ ಭೇಟಿಗೆ ಊರಿಗೆ ಬಂದಿದ್ದ ನರ್ಸ್ ಚೌಡೇಶ್ವರಿ ಅಡ್ಡ ನಿಂತಳು.

“ನಿಂತ್ಕಳ್ರಿ ಮಾವ! ಬೀಡಿ!”

ಕಾಟಪ್ಪ ಎಸೆಯಲು ಕೈಯೆತ್ತಿದ.

“ಬಿಸಾಕ್‌ಬ್ಯಾಡ್ರಿ! ಪೆಟ್ರೋಲ್ ವಾಸ್ನೆ ಬರ್ತಿಲ್ವಾ? ಕಾಲಡಿ ಎಲ್ಲ ಒಣಹುಲ್ಲು!”

ಅವನು ಬೀಡಿಯನ್ನು ಮುಷ್ಟಿಯಲ್ಲೇ ಹೊಸಕಿದ.

“ಒಳಗೆ ಹೆಂಗೈತೋ ಒಂದೀಟು ನೋಡಾಣ ತಡಿ ತಾಯಿ,” ಎಂದ ಗುಂಪಿನಲ್ಲಿದ್ದ ಮುರುಗಪ್ಪ.

“ಹೊತ್ಕಂಡ್ರೆ ಒಳಗಿರೋದೂ ಇರಲ್ಲ, ನೀವೂ ಇರಲ್ಲ. ಹಿಂದಕ್ಕೆ ಹೋಗ್ರಿ! ದಾಸಣ್ಣ, ಪಂಚಾಯ್ತಿ ಫೋನಿಂದ ಆಂಬುಲೆನ್ಸಿಗೂ ಫೈರ್ ಇಂಜಿನ್ನಿಗೂ ಹೇಳು, ಓಡು!”

ಅಷ್ಟರಲ್ಲಿ ವಿಮಾನದ ಬಾಗಿಲು ತೆರೆಯಿತು. ಅದನ್ನು ಹಾರಿಸುತ್ತಿದ್ದ ಇಪ್ಪತ್ತೆರಡರ ಹುಡುಗಿಯೊಬ್ಬಳು ಇಳಿದು ತಡವರಿಸುತ್ತಾ ಬಂದಳು. ಹಣೆಯಲ್ಲಿ ರಕ್ತ, ಒಂದು ಕೈ ಜೋತುಬಿದ್ದಿತ್ತು. ಚೌಡೇಶ್ವರಿ ಅವಳನ್ನು ದೂರ ಕರೆದೊಯ್ದು ಕೂರಿಸಿ, ಗಾಯಕ್ಕೆ ಶುಭ್ರ ಬಟ್ಟೆ ಒತ್ತಿಹಿಡಿದಳು. ಹುಡುಗಿ ಕೇಳಿದ್ದು ಒಂದೇ ಮಾತು.

“ಆ ಅಮ್ಮ ಬದುಕಿದಾರಾ?”

ಓಬವ್ವ ಕೋಲು ಹಿಡಿದು ಅಲ್ಲೇ ನಿಂತಿದ್ದಳು. ಕಾಟಪ್ಪ ಹುರುಳಿಯ ಮೇಲಿನ ಚಕ್ರದ ಗುರುತು ನೋಡಿದ. ಅದು ಅವಳ ಪಾದಕ್ಕೆ ನಾಲ್ಕು ಮಾರು ದೂರದಲ್ಲಿ ತಿರುಗಿತ್ತು. ಅವನು ಮುಷ್ಟಿ ಬಿಚ್ಚಿದ. ಅಂಗೈ ಸುಟ್ಟಿತ್ತು.

ಸಂಜೆಯೊಳಗೆ ಗಂಡಹೆಂಡತಿ ಹುರುಳಿಯನ್ನೆಲ್ಲ ಹೊರೆ ಕಟ್ಟಿದರು.

“ಎಲ್ಲಿ ಒಕ್ತೀರಣ್ಣ?” ದಾಸಣ್ಣ ಕೇಳಿದ.

“ಹಿತ್ತಲಾಗೆ ಕಣ ಸಾರಿಸ್ತೀವಿ. ಎತ್ತು ಅವೆ. ಅವು ಹೋ ಅಂದ್ರೆ ನಿಲ್ತವೆ.”

ಅಕ್ಕಂದಿರೇ, ಅಣ್ಣಂದಿರೇ, ವಿಮಾನ ನೋಡುವ ಆಸೆ ಯಾರಿಗಿಲ್ಲ? ದೂರ ನಿಂತು ಕಣ್ತುಂಬ ನೋಡಿ. ಆದರೆ ಪಟ್ಟಿಯ ಮೇಲೆ ಬೆಳೆ ಹರಡಬೇಡಿ, ದನ ಬಿಡಬೇಡಿ. ಅಪಘಾತವಾದರೆ ಮೊದಲು ಫೋನ್ ಮಾಡಿ. ಅಲ್ಲಿಗೆ ಬೀಡಿ, ಬೆಂಕಿಕಡ್ಡಿ ಒಯ್ಯಬೇಡಿ, ಗುಂಪು ಕಟ್ಟಬೇಡಿ. ವಿಮಾನ ಹಾರನ್ ಹೊಡೆಯುವುದಿಲ್ಲ. ಮೊದಲೇ ದಾರಿ ಬಿಡಬೇಕಾದವರು ನಾವು.