ಆರಿಸಿಟ್ಟ ಯಂತ್ರ ಓಗೊಟ್ಟಿತು

ಕರ್ಲಿಂಗ್ ಆಡುವವರ ನ್ಯಾಯವೇ ಬೇರೆ. ಕಲ್ಲು ಐಸಿನ ಮೇಲೆ ನಯವಾಗಿ ಜಾರಿ ಗುರಿಯ ವೃತ್ತದೊಳಗೆ ನಿಂತರೆ ಅದು ಅವರ ಕೈಚಳಕ. ಅರ್ಧ ದಾರಿಯಲ್ಲೇ ಮುಷ್ಕರ ಹೂಡಿದರೆ ಐಸ್ ಮಾಡಿದವರ ತಪ್ಪು. ಮ್ಯಾನಿಟೋಬಾದ ಆ ಸಣ್ಣ ಊರಿನಲ್ಲಿ ಆ ವಾರ ಎಲ್ಲರ ಬೆರಳೂ ಐಸ್ ಮಾಡುವ ಲರಿಸ್ಸಾಳ ಕಡೆಗೇ ತಿರುಗಿತ್ತು.

"ಏನಮ್ಮಾ ಲರಿಸ್ಸಾ, ಇದು ಐಸೋ ಗಂಜಿಯೋ?" ಕ್ಲಬ್ಬಿನ ಅಧ್ಯಕ್ಷ ಡಾರ್ಸಿ, ಜಾರುವ ಕಲ್ಲಿನ ಮುಂದೆ ಐಸು ಉಜ್ಜುವ ಪೊರಕೆ ಹಿಡಿದುಕೊಂಡೇ ಅವಳ ಆಫೀಸಿಗೆ ನುಗ್ಗಿದ. "ನನ್ನ ಕಲ್ಲು ನಡುದಾರೀಲಿ ಕೂತ್ಬಿಡ್ತು. ಇನ್ನೇನು ನಿದ್ದೆ ಮಾಡ್ತಿತ್ತು."

"ಕಂಪ್ಯೂಟರಿಗೆ ಮತ್ತೆ ಸಂಪರ್ಕ ತಪ್ತು ಡಾರ್ಸಿ. ಹುಡುಕ್ತಾ ಇದೀನಿ."

"ನಾಳೆ ಬೆಳಿಗ್ಗೆ ಟೂರ್ನಮೆಂಟು. ಸುತ್ತಮುತ್ತಲ ಊರುಗಳೆಲ್ಲ ಬರ್ತಿವೆ. ಇನ್ನೊಂದ್ಸಲ ಹೀಗಾದ್ರೆ ನಾನು ಓರೆಸ್ಟ್‌ನ ಕರೀತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಿ ಹೋಗುವವರಿಗೆ ಅದು ಎಷ್ಟು ಸುಲಭ! ಓರೆಸ್ಟ್ ಆ ರಿಂಕಿನ, ಎಂದರೆ ಐಸಿನ ಅಂಗಣದ, ಹಳೆಯ ಐಸ್‌ಗಾರ. ಹೋದ ವಸಂತದಲ್ಲಿ ನಿವೃತ್ತನಾಗಿದ್ದ. ಅವನ ಕೈಕೆಳಗೆ ಲರಿಸ್ಸಾ ವರ್ಷಗಟ್ಟಲೆ ಗುಡಿಸಿದ್ದಳು, ಕೆರೆದಿದ್ದಳು, ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು ಐಸಿನ ಮೇಲೆ ಹನಿ ಚಿಮುಕಿಸುವುದನ್ನು ಕಲಿತಿದ್ದಳು. ಈ ಕೆಲಸ ತನಗೆ ಬರಲಿ ಎಂದು ಅವಳು ಆಸೆಪಟ್ಟಷ್ಟು ಬೇರೆ ಯಾವುದಕ್ಕೂ ಆಸೆಪಟ್ಟವಳಲ್ಲ. ಬಂದ ಮೊದಲ ಚಳಿಗಾಲದಲ್ಲೇ, ಇಡೀ ಊರಿನ ಎದುರು ಅದು ಕೈತಪ್ಪಿದರೆ ಮತ್ತೆ ಸಿಗುವುದಿಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ತೊಂದರೆ ಇದ್ದದ್ದು ಐಸಿನಲ್ಲಲ್ಲ. ಐಸಿನ ಕೆಳಗೆ ಹುದುಗಿಸಿದ ಸೆನ್ಸರುಗಳು ತಂಪೆಷ್ಟು ಎಂದು ಹೇಳುತ್ತಿರುತ್ತವೆ. ಅದನ್ನು ಕೇಳಿಸಿಕೊಂಡು ಕಂಪ್ರೆಸರ್ ಓಡಿಸುವ ಪ್ರೋಗ್ರಾಮ್ ಓಬೀರಾಯನ ಕಾಲದ್ದು. ಬರೆದ ಕಂಪನಿ ಎಂದೋ ಬಾಗಿಲು ಹಾಕಿಕೊಂಡಿದೆ. ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲವೆಂದು ಅದು ಹಟ ಹಿಡಿದಾಗ, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೇ ಒಂದು ಹಳೆಯ ಕಂಪ್ಯೂಟರನ್ನು ಕಟ್ಟಿ ಕೂರಿಸಿದ್ದರು. ವರ್ಚುವಲ್ ಮಷೀನ್ ಎನ್ನುತ್ತಾರೆ. ಮುಟ್ಟಲು ಸಿಗುವ ಯಂತ್ರವಲ್ಲ. ಇಡೀ ಯಂತ್ರವೇ ಒಂದು ಫೈಲು. ಆದರೆ ತಾನು ನಿಜವಾದ ಕಂಪ್ಯೂಟರ್ ಎಂಬುದರಲ್ಲಿ ಅದಕ್ಕೆ ಮಾತ್ರ ಎಳ್ಳಷ್ಟೂ ಅನುಮಾನವಿಲ್ಲ. ಅದಕ್ಕೆ ತನ್ನದೇ ಹೆಸರು, ನೆಟ್‌ವರ್ಕಿನಲ್ಲಿ ತನ್ನದೇ ವಿಳಾಸ. ಆ ವಿಳಾಸಕ್ಕೆ ಸೆನ್ಸರುಗಳ ಸುದ್ದಿ ಬರುವುದು ನಿಂತರೆ ಕಂಪ್ರೆಸರೂ ನಿಲ್ಲುತ್ತದೆ, ಐಸು ಮೆತ್ತಗಾಗುತ್ತದೆ.

ಲರಿಸ್ಸಾ ಕೇಬಲ್ ಬದಲಾಯಿಸಿದ್ದಳು. ರೂಟರನ್ನು ಆರಿಸಿ ಹಚ್ಚಿದ್ದಳು. ಫೈರ್‌ವಾಲ್ ತೆಗೆದು ನೋಡಿದ್ದಳು. ಒಳಗಿನ ಯಂತ್ರ ಹೊರಗಿನ ನೆಟ್‌ವರ್ಕಿಗೆ ಸೇರುವ ಬಗೆಯನ್ನೇ ಹಿಂದೆಮುಂದೆ ಮಾಡಿ ನೋಡಿದ್ದಳು. ಏನು ಮಾಡಿದರೂ ಒಂದಷ್ಟು ಹೊತ್ತು ಸರಿಯಿರುವುದು, ಆಮೇಲೆ ಮತ್ತದೇ ರಾಗ. ವಿಚಿತ್ರವೆಂದರೆ ಹೊರಗಿನ ಕಂಪ್ಯೂಟರಿಗೆ ಏನೂ ಆಗುತ್ತಿರಲಿಲ್ಲ. ಒಂದೇ ಪೆಟ್ಟಿಗೆ, ಒಂದೇ ತಂತಿ. ಹೊರಗಿನದು ಲೋಕದ ಜೊತೆ ಹರಟುತ್ತಿದ್ದರೆ ಒಳಗಿನದು ಮಾತ್ರ ಕಿವುಡಾಗಿ ಕೂತಿರುತ್ತಿತ್ತು.

ಡಾರ್ಸಿ ಹೋದ ಮೇಲೆ ಅವಳು ಬೇಸತ್ತು ಒಳಗಿನ ಯಂತ್ರವನ್ನು ಪೂರ್ತಿ ಆರಿಸಿಬಿಟ್ಟಳು. ಇನ್ನೇನು ಮಾಡುವುದೆಂದು ತಿಳಿಯದೆ, ಹೊರಗಿನ ಕಂಪ್ಯೂಟರಿನಿಂದ ಅದರ ವಿಳಾಸಕ್ಕೆ ಒಂದು ಪಿಂಗ್ ಕಳಿಸಿದಳು. ಇದ್ದೀಯಾ ಎಂದು ಕೂಗಿ ನೋಡುವುದು, ಅಷ್ಟೇ. ಆರಿಸಿಟ್ಟದ್ದು ಉತ್ತರ ಕೊಡುವ ಪ್ರಶ್ನೆಯೇ ಇರಲಿಲ್ಲ.

ಇದ್ದೇನೆ ಎಂದು ಉತ್ತರ ಬಂತು.

ಲರಿಸ್ಸಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಮತ್ತೆ ಕೂಗಿದಳು. ಮತ್ತೆ ಓಗೊಟ್ಟಿತು. ದೆವ್ವಪಿಶಾಚಿಯನ್ನು ನಂಬುವ ಹೆಂಗಸಲ್ಲ ಅವಳು. ಅದೇ ಹೆಸರು, ಅದೇ ವಿಳಾಸ ಇಟ್ಟುಕೊಂಡು ಇನ್ನೊಂದು ಯಂತ್ರ ಎಲ್ಲೋ ಓಡುತ್ತಿದೆ ಎಂದು ಅರ್ಥವಾಯಿತು. ರಿಂಕಿನೊಳಗೆ ಬೇರೆ ಕಂಪ್ಯೂಟರಿಲ್ಲ. ಆದರೆ ಮಾಡಿನ ಮೇಲೆ, ರಿಂಕಿನ ನೆಟ್‌ವರ್ಕನ್ನು ಎದುರಿನ ಓರೆಸ್ಟ್‌ನ ಮನೆಗೆ ಮುಟ್ಟಿಸುವ ಒಂದು ಆಂಟೆನಾ ಇತ್ತು. ಹಿಮದ ಬಿರುಗಾಳಿಯಲ್ಲಿ ಅವನು ಮನೆಯಿಂದಲೇ ಐಸಿನ ಮೇಲೆ ಕಣ್ಣಿಡಲಿ ಎಂದು ಹಾಕಿಸಿದ್ದು. ಅವನು ನಿವೃತ್ತನಾದಾಗ ಕೈಗಡಿಯಾರ ಕೊಟ್ಟರು, ಭಾಷಣ ಮಾಡಿದರು. ಆಂಟೆನಾ ಇಳಿಸುವುದು ಯಾರಿಗೂ ಹೊಳೆಯಲಿಲ್ಲ. ಅವಳು ಕೋಟು ಏರಿಸಿಕೊಂಡು ರಸ್ತೆ ದಾಟಿದಳು. ಕೋಪ ನೆತ್ತಿಗೇರಿತ್ತು.

ಓರೆಸ್ಟ್ ಅಡುಗೆಮನೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಕಾಫಿ ಕುಡಿಯುತ್ತಿದ್ದ. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

"ಬಾ ಬಾ, ಕೂತ್ಕೋ. ನನ್ನ ಹೆಂಡ್ತಿ ಸ್ಟೆಲ್ಲಾ ನಿಮ್ಮ ರಿಂಕಲ್ಲೇ ಇದಾಳೆ, ಟೂರ್ನಮೆಂಟಿಗೆ ಪೆರೋಗಿ ಕಡುಬು ಮಾಡೋಕೆ. ವಾರದಿಂದ ಮನೆ ಬಿಕೋ ಅನ್ನುತ್ತೆ."

ಪರದೆಯ ಮೇಲೆ ಅವಳ ಆಫೀಸಿನಲ್ಲಿ ಇರಬೇಕಾದ ಹಸಿರು ಅಂಕಿಗಳೇ ಮಿನುಗುತ್ತಿದ್ದವು.

"ಇದೇನು ಓರೆಸ್ಟ್?"

"ಏನೂ ಮುಟ್ಟಲ್ಲ ಕಣಮ್ಮಾ, ದೇವರಾಣೆ. ಬರೀ ನೋಡೋದು, ಅದೂ ಈ ವಾರದಿಂದ. ಬೆಳಿಗ್ಗೆ ಒಂದ್ಸಲ, ಊಟ ಆದ್ಮೇಲೆ ಒಂದ್ಸಲ. ಇದೂ ನಿಂತು ನಿಂತು ಬರುತ್ತೆ, ಹಳೇ ಲ್ಯಾಪ್‌ಟಾಪ್ ನೋಡು."

"ನೀವು ನೋಡಿದಾಗೆಲ್ಲ ನಂಗೆ ಕಾಣ್ಸಲ್ಲ," ಎಂದಳು ಲರಿಸ್ಸಾ.

ಅವನು ಲೋಟ ಕೆಳಗಿಟ್ಟ. ಅರ್ಥವಾಗಲಿಲ್ಲ ಅವನಿಗೆ.

"ನಿಮ್ದೂ ನಮ್ದೂ ಒಂದೇ ವಿಳಾಸ. ಸೆನ್ಸರ್ ಕಳಿಸಿದ ಸುದ್ದಿ ನಿಮ್ಮನೆಗೆ ಬಂದ್ರೆ ನನ್ನಲ್ಲಿಗೆ ಬರಲ್ಲ. ಐಸ್ ಕರಗಿ ಗಂಜಿ ಆಗ್ತಿದೆ. ಡಾರ್ಸಿ ನನ್ನ ತೆಗೆದು ನಿಮ್ಮನ್ನ ಕರೀತೀನಿ ಅಂತಿದಾನೆ."

ಓರೆಸ್ಟ್‌ನ ಮುಖ ಕಪ್ಪಿಟ್ಟಿತು. ಬೇಕೆಂದೇ ಮಾಡಿರಬಹುದೆಂಬ ಸಂಶಯವೊಂದು ಅವಳ ಮನಸ್ಸಿನಲ್ಲಿ ದಾರಿಯುದ್ದಕ್ಕೂ ಇತ್ತು. ಆ ಮುಖ ನೋಡಿದ ಮೇಲೆ ಅದು ಉಳಿಯಲಿಲ್ಲ.

"ಆ ಯಂತ್ರದ ಫೈಲು ಮನೆಗೆ ತಂದು ಮೊದಲ ಸಲ ತೆರೆದಾಗ ಅದು ನಿಮ್ಮನ್ನ ಏನೋ ಕೇಳಿರ್ಬೇಕಲ್ಲ?"

"ಕೇಳ್ತು. ಈ ಯಂತ್ರಾನ ಬೇರೆ ಕಡೆಗೆ ಸಾಗಿಸಿದ್ದೀಯೋ, ನಕಲು ಮಾಡಿದ್ದೀಯೋ ಅಂತ."

"ನಕಲು ಅಂದಿದ್ರೆ ಅದೇ ಹೊಸ ವಿಳಾಸ ಮಾಡ್ಕೊಂಡಿರೋದು. ಏನೂ ತೊಂದ್ರೆ ಆಗ್ತಿರ್ಲಿಲ್ಲ."

"ಸಾಗಿಸಿದೆ ಅಂದೆ." ಅವನು ಕಿಟಕಿಯಾಚೆ ರಿಂಕಿನ ಗೋಡೆಯನ್ನು ನೋಡಿದ. "ಆ ಇನ್ನೊಂದನ್ನ ಒತ್ತೋಕೆ ಕೈ ಬರ್ಲಿಲ್ಲ ಲರಿಸ್ಸಾ. ಇಡೀ ಜನ್ಮ ಅಲ್ಲಿ ಕಳೆದು, ನನ್ನ ಜೊತೆ ಬಂದಿದ್ದು ನಕಲು ಅಂತ ಹೇಗೆ ಒಪ್ಕೊಳ್ಲಿ?"

ಅವಳ ಕೋಪ ಜರ್ರನೆ ಇಳಿಯಿತು. ಇಳಿದದ್ದು ಅವಳಿಗೆ ಇಷ್ಟವಾಗಲಿಲ್ಲ. ಕೋಪವಿದ್ದಿದ್ದರೆ ಮುಂದಿನ ಮಾತು ಸುಲಭವಾಗುತ್ತಿತ್ತು.

"ಮತ್ತೆ ಕೇಳೋ ಹಾಗೆ ಮಾಡ್ತೀನಿ. ಈ ಸಲ ನಕಲು ಅಂತ ಒತ್ತಿ. ಇಬ್ರಿಗೂ ಕಾಣುತ್ತೆ."

ಓರೆಸ್ಟ್ ಅವಳನ್ನೇ ದಿಟ್ಟಿಸಿದ. "ನಿಂಗೆ ಇಷ್ಟಾನಾ?"

ಹೌದು ಎಂದುಬಿಡಬಹುದಿತ್ತು. ಮುದುಕನ ಮನಸ್ಸೂ ಉಳಿಯುತ್ತಿತ್ತು, ಐಸೂ ಉಳಿಯುತ್ತಿತ್ತು.

"ಇಲ್ಲ," ಎಂದಳು. "ನೀವು ನೋಡ್ತಿದ್ದೀರಿ ಅಂತ ಗೊತ್ತಿದ್ರೆ ನಾನು ಐಸ್ ಮಾಡಲ್ಲ ಓರೆಸ್ಟ್, ಪರೀಕ್ಷೆ ಬರೀತೀನಿ."

ಅವನು ಹಸಿರು ಅಂಕಿಗಳನ್ನು ಕೊನೆಯ ಸಲ ನೋಡಿದ. ಆಮೇಲೆ ಒಳಗಿನ ಯಂತ್ರವನ್ನು ಆರಿಸಿ, ಲ್ಯಾಪ್‌ಟಾಪನ್ನು ಅವಳ ಕಡೆಗೆ ತಳ್ಳಿದ. "ಅಳಿಸೋದು ನೀನೇ ಮಾಡು. ನನ್ನ ಕೈಲಿ ಆಗಲ್ಲ."

ಅವಳು ಅಳಿಸಿದಳು. ಒಂದು ಫೈಲು ಅಳಿಸುವುದಕ್ಕೆ ಅಷ್ಟೊಂದು ಸಂಕಟವಾಗುತ್ತದೆಂದು ಅವಳು ಎಣಿಸಿರಲಿಲ್ಲ.

ರಿಂಕಿಗೆ ಮರಳಿ ತನ್ನ ಯಂತ್ರವನ್ನು ಹಚ್ಚಿದಾಗ ಅಂಕಿಗಳು ಒಂದೊಂದಾಗಿ ಬಂದು ನಿಂತವು. ಕಂಪ್ರೆಸರ್ ಗುರುಗುಟ್ಟಿತು. ಸಂಜೆಯವರೆಗೆ ಅವಳು ಕುರ್ಚಿ ಬಿಟ್ಟು ಏಳಲಿಲ್ಲ, ಅಂಕಿಗಳೂ ಕದಲಲಿಲ್ಲ. ಆಮೇಲೆ ಕಾಫಿ ಕೌಂಟರಿನ ಬಳಿ ಹೋದರೆ ಡಾರ್ಸಿ ನಾಲ್ಕು ಜನರ ನಡುವೆ ಫೋನು ಹಿಡಿದು ನಿಂತಿದ್ದ.

"ಓರೆಸ್ಟ್ ಫೋನ್ ಎತ್ತುತ್ತಾನೇ ಇಲ್ಲ."

"ಕರೆಯೋದು ಬೇಡ ಡಾರ್ಸಿ, ಸರಿ ಹೋಯ್ತು. ಒಂದೇ ವಿಳಾಸ ಇಟ್ಕೊಂಡು ಎರಡು ಮಷೀನು ಓಡ್ತಿದ್ವು."

"ಎರಡಾ? ಇನ್ನೊಂದು ಎಲ್ಲಿತ್ತು?"

ನಿಜ ಹೇಳಿದರೆ ಅವಳ ಮೇಲಿನ ಅಪವಾದ ಅಲ್ಲೇ ತೊಳೆದುಹೋಗುತ್ತಿತ್ತು. ನಾಲಿಗೆಯ ತುದಿಯವರೆಗೂ ಬಂತು. "ಎಲ್ಲೋ ಒಂದು ಹಳೇದು," ಎಂದು ತೊದಲಿದಳು. "ನಾನೇ ಮೊದಲು ನೋಡ್ಬೇಕಿತ್ತು."

"ನೋಡ್ಬೇಕಿತ್ತು ತಾನೆ!" ಡಾರ್ಸಿ ದನಿ ಏರಿಸಿದ. "ಒಂದು ವಾರ ನಮ್ಮನ್ನೆಲ್ಲ—"

"ನನ್ನ ಅಡುಗೆಮನೇಲಿತ್ತು," ಎಂದಿತು ಬಾಗಿಲಿನಿಂದ ಒಂದು ದನಿ.

ಓರೆಸ್ಟ್ ಬೂಟಿನ ಹಿಮ ಒದರುತ್ತ ಒಳಗೆ ಬಂದ. "ಹೇಳದೆ ಕೇಳದೆ ತಗೊಂಡ್ಹೋಗಿದ್ದೆ. ಅವಳ ಐಸ್ ಕೆಡಿಸಿದ್ದು ನಾನು. ಬೈಯೋದಿದ್ರೆ ನಂಗೆ ಬೈ."

ಡಾರ್ಸಿ ಫೋನನ್ನೊಮ್ಮೆ, ಅವನನ್ನೊಮ್ಮೆ ನೋಡಿದ. "ಅಂದ್ರೆ ಕೆಡಿಸಿದವನನ್ನೇ ರಿಪೇರಿಗೆ ಕರೀತಿದ್ನಾ ನಾನು?" ಎಂದ. ಜನ ಘೊಳ್ಳೆಂದು ನಕ್ಕರು. ಓರೆಸ್ಟ್ ಕಿವಿಯವರೆಗೂ ಕೆಂಪಾದರೂ ನಿಂತಲ್ಲಿಂದ ಕದಲಲಿಲ್ಲ.

"ಸರಿ ಬಿಡು ಮಾರಾಯಾ, ಆಗಿದ್ದು ಆಯ್ತು," ಡಾರ್ಸಿ ಅವನ ಭುಜ ತಟ್ಟಿದ. "ನಾಳೆಗೆ ಐಸ್ ಹೇಗಿರುತ್ತೆ, ಅದು ಹೇಳು."

ಆ ಹಸಿರು ಅಂಕಿಗಳು ಈಗ ಓರೆಸ್ಟ್‌ನ ಹತ್ತಿರ ಇರಲಿಲ್ಲ. ಅವನು ಲರಿಸ್ಸಾಳ ಕಡೆಗೆ ತಿರುಗಿದ.

"ಹೇಗಿದೆಯಮ್ಮಾ ಐಸು?"

ಅವನು ಅವಳಿಗೆ ಪಾಠ ಹೇಳಿದ್ದನೇ ಹೊರತು ಐಸಿನ ಬಗ್ಗೆ ಎಂದೂ ಅವಳನ್ನು ಕೇಳಿದವನಲ್ಲ.

"ಇನ್ನೂ ಸ್ವಲ್ಪ ಮೆತ್ತಗಿದೆ," ಎಂದಳು. "ಬೆಳಗಾಗೋ ಹೊತ್ತಿಗೆ ಗಟ್ಟಿಯಾಗುತ್ತೆ. ಮೊದಲ ಆಟದಲ್ಲಿ ಕಲ್ಲು ತುಸು ನಿಧಾನ ಓಡುತ್ತೆ, ಆಮೇಲೆ ಚೆನ್ನಾಗಿರುತ್ತೆ."

ಓರೆಸ್ಟ್ ಡಾರ್ಸಿಯತ್ತ ನೋಡಿದ.

"ಕೇಳಿಸ್ತಲ್ಲ?"