ಚುಕ್ಕೆಯಿಲ್ಲದ ಕಾರ್ಡು

"ಯಾವೋಳ್ಲೇ ಅದು, ಮುಟ್ಟಾಗಿ ನನ್ ಸೊಪ್ಪಿಗೆ ಕೈ ಇಕ್ದೋಳು? ಬಾಯ್ ಬುಡ್ರೇ ರಂಡೇರಾ."

ಹೊಗೆಸೊಪ್ಪಿನ ಧಣಿ ವೀರಭದ್ರಸ್ವಾಮಿ ಕೂಗಿದ. ಅವನ ಶೆಡ್ಡಿನ ಮುಂದೆ ಎಂಟು ಹುಡುಗಿಯರು ಸಾಲಾಗಿ ನಿಂತಿದ್ದರು. ಎಂಟನೆಯವಳು ಪುಟ್ಟಲಕ್ಷ್ಮಿ. ಮಂಗಳವಾರ ಈ ಹುಡುಗಿಯರು ಕಡ್ಡಿಗೆ ಕಟ್ಟಿಕೊಟ್ಟಿದ್ದ ಹೊಗೆಸೊಪ್ಪು, ಶಾಖದಲ್ಲಿ ಒಣಗಿಸುವ ಬ್ಯಾರನ್ನು ಮನೆಯಲ್ಲಿ ಬೆಂದು ಚಿನ್ನದ ಬಣ್ಣಕ್ಕೆ ಬರುವ ಬದಲು ಕರಕಲಾಗಿ ಹೊರಬಂದಿತ್ತು. ಹರಾಜಿಗೆ ಬೇಗ ಒಯ್ಯಬೇಕೆಂದು ಧಣಿಯೇ ಶಾಖ ಏರಿಸಿದರೆಂದು ಒಲೆ ಕಾಯುವ ಕಂಠಪ್ಪ ನಿನ್ನೆ ಕೇರಿಯಲ್ಲಿ ಹೇಳಿದ್ದ. ಈಗ ಅವನು ನೆಲ ನೋಡುತ್ತಿದ್ದ. ಮುಟ್ಟಾದವಳು ಮುಟ್ಟಿದರೆ ಸೊಪ್ಪು ಕಪ್ಪಾಗುತ್ತದೆಂಬ ಮಾತು ಬೆಟ್ಟದಪುರದ ಸುತ್ತ ಎಲ್ಲ ಬ್ಯಾರನ್ನುಗಳಲ್ಲೂ ಇತ್ತು. ಆ ದಿನಗಳಲ್ಲಿ ಹುಡುಗಿಯರು ಕೂಲಿಯಿಲ್ಲದೆ ಬದುವಿನ ಮೇಲೆ ಕೂರಬೇಕಿತ್ತು.

ವೀರಭದ್ರಸ್ವಾಮಿ ಹರ್ಷಿತಾ ಮೇಡಮ್ಮಿನ ಕಡೆ ತಿರುಗಿದ. ಹುಣಸೂರಿನ ಸಂಘದಿಂದ ಶನಿವಾರಗಳಲ್ಲಿ ಬಂದು ಅದೇ ಶೆಡ್ಡಿನಲ್ಲಿ ಹುಡುಗಿಯರಿಗೆ ಆರೋಗ್ಯದ ಪಾಠ ಮಾಡುತ್ತಿದ್ದವಳು ಅವಳು. ಸೊಪ್ಪು ತರಕಾರಿ ತಿನ್ನಿ, ಮೊಟ್ಟೆ ತಿನ್ನಿ ಎನ್ನುತ್ತಿದ್ದಳು. ಗರ್ಭಕೋಶದ ಚಿತ್ರ ತೋರಿಸುತ್ತಿದ್ದಳು. ಬೆರಳು ಚುಚ್ಚಿ ರಕ್ತ ಅಳೆದು, ಒಬ್ಬೊಬ್ಬಳಿಗೂ ಒಂದು ಕಾರ್ಡು ಮಾಡಿದ್ದಳು. ಮುಟ್ಟಾದ ದಿನ ಕೆಂಪು ಚುಕ್ಕೆ ಇಡಬೇಕು, ಇದು ನಿಮ್ಮ ಗುಟ್ಟು, ಯಾರಿಗೂ ತೋರಿಸುವುದಿಲ್ಲ ಎಂದಿದ್ದಳು.

ಕಾರ್ಡು ಓದಲು ಅವನು ಹೇಳಿದಾಗ, ಅದು ಸರಿಯಲ್ಲ ಎಂದಳು. ಹಾಗಾದರೆ ಮುಂದಿನ ವಾರದಿಂದ ಪಾಠ ಹುಣಸೆಮರದ ಕೆಳಗೆ ಮಾಡಿಕೊಳ್ಳಿ ಎಂದ. ಅವಳು ಚೀಲದಿಂದ ಕಾರ್ಡು ತೆಗೆದಳು.

ಏಳು ಕಾರ್ಡಿನಲ್ಲೂ ಮಂಗಳವಾರಕ್ಕೆ ಚುಕ್ಕೆಯಿರಲಿಲ್ಲ. ಎಂಟನೆಯದರಲ್ಲಿ ನಾಲ್ಕು ತಿಂಗಳಿಂದ ಒಂದೂ ಚುಕ್ಕೆಯಿರಲಿಲ್ಲ.

ವೀರಭದ್ರಸ್ವಾಮಿ ಪುಟ್ಟಲಕ್ಷ್ಮಿಯ ಹೊಟ್ಟೆ ನೋಡಿದ. "ನಾಕ್ ತಿಂಗ್ಳಿಂದ ಇಲ್ವಾ? ಯಾವನ್ದಮ್ಮಿ?"

ಸೊಪ್ಪು ಇಳಿಸುತ್ತಿದ್ದ ಆಳುಗಳು ನಕ್ಕರು. ಇವಳಿಗೆ ರಕ್ತವೇ ಇಲ್ಲ, ಹಿಮೋಗ್ಲೋಬಿನ್ ಆರು ಪಾಯಿಂಟ್ ಎರಡು, ಹೊಟ್ಟೆಗಿಲ್ಲದೆ ಮುಟ್ಟು ನಿಂತಿರಬಹುದು ಎಂದು ಹರ್ಷಿತಾ ಮೆಲ್ಲಗೆ ವಿವರಿಸಿದಳು.

"ರಕ್ತ ಇಲ್ದೋಳು ದಿನಾ ಒರೆ ಒರ್ತಾಳಾ ಮೇಡಮ್ಮೋರೆ?" ಎಂದ ಧಣಿ.

ಪುಟ್ಟಲಕ್ಷ್ಮಿಯ ತಾಯಿ ಚಿಕ್ಕಬೀರಮ್ಮ ಸೊಪ್ಪಿನ ರಾಶಿಯಿಂದ ಎದ್ದು ಬಂದಳು. ಭಾನುವಾರ ಮಗಳನ್ನು ನೋಡಲು ಭೇರ್ಯದಿಂದ ಗಂಡಿನವರು ಬರುವವರಿದ್ದರು. ಅವಳು ಧಣಿಯ ಕಾಲಿನ ಮುಂದೆ ಮಣ್ಣಿನಲ್ಲಿ ಬಿದ್ದಳು.

"ಬಸ್ರಿ ಅನ್ಬೇಡಿ ಬುದ್ದಿ. ಮಂಗ್ಳಾರ ಮುಟ್ಟಾಗಿದ್ಲು. ಕೂಲಿ ಓಯ್ತದೆ ಅಂತ ನಾನೇ ಮುಚ್ಚಿಟ್ಟೆ."

ಪುಟ್ಟಲಕ್ಷ್ಮಿ ಅವ್ವನನ್ನು ನೋಡಿದಳು. ಅವ್ವ ತಲೆ ಎತ್ತಲಿಲ್ಲ.

ಧಣಿಗೆ ಬೇಕಾದದ್ದು ಸಿಕ್ಕಿತ್ತು. ಕರಕಲು ಸೊಪ್ಪಿನ ಒಂದು ಸರವನ್ನು ತಾಯಿಯೇ ಮಗಳ ಕೊರಳಿಗೆ ಕಟ್ಟಬೇಕು, ಊರೆಲ್ಲ ಸುತ್ತಿಸಬೇಕು ಎಂದ. ಚಿಕ್ಕಬೀರಮ್ಮ ಕಟ್ಟಿದಳು. ಗಂಟು ಹಾಕುವಾಗ ಅವಳ ಬೆರಳು ಮಗಳ ಕತ್ತಿಗೆ ತಣ್ಣಗೆ ತಾಗಿತು. ಕಾರ್ಡಿನಲ್ಲೂ ಸರಿಮಾಡಿ ಎಂದು ಅವನು ಮೇಡಮ್ಮಿಗೆ ಹೇಳಿದ.

"ಒಂದ್ ಚುಕ್ಕೆ ತಾನೆ ಪುಟ್ಟಲಕ್ಷ್ಮಿ, ಹಾಕಿಬಿಡ್ತೀನಿ. ನಿಂಗೇ ಒಳ್ಳೇದು," ಎಂದು ಹರ್ಷಿತಾ ಕೆಂಪು ಪೆನ್ನು ತೆಗೆದಳು.

ಪುಟ್ಟಲಕ್ಷ್ಮಿ ಊರಿನ ದಾರಿ ಹಿಡಿಯಲಿಲ್ಲ. ಎರಡನೆಯ ಬ್ಯಾರನ್ನಿಗೆ ಅಂದು ಬೆಳಿಗ್ಗೆಯಷ್ಟೇ ಹಸಿ ಸೊಪ್ಪು ತುಂಬಿ ಒಲೆ ಹಚ್ಚಿದ್ದರು. ಅವಳು ನೇರ ಅದರೊಳಗೆ ಹೋಗಿ ಬಾಗಿಲೆಳೆದು, ಒಂದು ಗಳವನ್ನು ಅಡ್ಡ ಕೊಟ್ಟಳು. ತಲೆಯ ಮೇಲೆ ಮಾಡಿನವರೆಗೂ ಸೊಪ್ಪು ತೂಗುತ್ತಿತ್ತು. ಕೈಗೆಟುಕಿದ್ದನ್ನೆಲ್ಲ ಒಂದೊಂದಾಗಿ ಮುಟ್ಟಿದಳು.

"ಮುಟ್ಟಾದೋಳು ಒಳ್ಗವ್ಳೆ," ಎಂದಳು. "ಈಗ ಬೇಯ್ಸ್ಕೊಳಿ."

ಹೊರಗಿನಿಂದ ವೀರಭದ್ರಸ್ವಾಮಿಯ ದನಿ ಕೇಳಿಸಿತು.

"ಸೌದೆ ಒಟ್ಟ್ಲಾ ಕಂಠ. ಬಿಸಿ ತಾಕುದ್ರೆ ತಾನಾಗೇ ಈಚ್ಗೆ ಬತ್ತಾಳೆ."

ಬಾಗಿಲ ಪಕ್ಕದಲ್ಲಿ ಶಾಖ ನೋಡಲು ಒಂದು ಗಾಜಿನ ಕಿಂಡಿಯಿತ್ತು. ಅದರಲ್ಲಿ ಅವಳಿಗೆ ಹೊರಗಿನ ಒಲೆಯ ಬಾಯಿ ಕಂಡಿತು. ಕಂಠಪ್ಪ ಕೊರಡು ಹೊತ್ತು ಬಂದ. ಅವನಿಗಿಂತ ಮೊದಲೇ ಚಿಕ್ಕಬೀರಮ್ಮ ಬಂದು, ಒಲೆಗೆ ಬೆನ್ನು ಕೊಟ್ಟು, ಅದರ ಬಾಯಿಗೆ ಅಡ್ಡ ಕೂತಳು.

"ಒಟ್ಟ್ಲಾ ಬೋಳಿಮಗ್ನೆ."

ಕಂಠಪ್ಪ ನಿಂತೇ ಇದ್ದ. ಕೊರಡು ಹೆಗಲ ಮೇಲೇ ಇತ್ತು. ಒಲೆಯ ಶಾಖಕ್ಕೆ ಅವ್ವನ ಸೆರಗಿನ ಅಂಚು ಕಂದತೊಡಗಿತ್ತು. ಅವಳು ಏಳಲಿಲ್ಲ.